ಒಂದೇ ವ್ಯವಸ್ಥೆ, ನಾಲ್ಕು ದೇಶಗಳ ಹೊಣೆಗಾರಿಕೆ

ಕೈಗಾರಿಕಾ ಪಂಪು ಮತ್ತು ವಾಲ್ವುಗಳನ್ನು ತಯಾರಿಸುವ ಜರ್ಮನ್ ಕಂಪನಿಯೊಂದರ ಬೆಂಗಳೂರು ಕಚೇರಿಯಲ್ಲಿ ನಾನು ಮಾಹಿತಿ ವ್ಯವಸ್ಥೆಗಳ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಕಂಪನಿಯ ಕಾರ್ಖಾನೆಗಳು ಜರ್ಮನಿಯ ಬಾಡೆನ್-ವ್ಯೂರ್ಟೆಂಬೆರ್ಗ್‌ನಲ್ಲಿ, ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದಲ್ಲಿ, ಜಪಾನಿನ ಒಸಾಕಾದಲ್ಲಿ ಮತ್ತು ನಮ್ಮ ಪೀಣ್ಯದಲ್ಲಿ ಇವೆ. ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ನಡೆಸುವ ಸ್ಯಾಪ್ ತಂತ್ರಾಂಶವನ್ನು ನಾಲ್ಕೂ ಕಡೆ ಬಹಳ ವರ್ಷಗಳಿಂದ ಬೇರೆ ಬೇರೆಯಾಗಿ, ಅವರವರ ಅನುಕೂಲಕ್ಕೆ ತಕ್ಕಂತೆ ತಿದ್ದಿಕೊಂಡು ಬಳಸುತ್ತಿದ್ದರು. ಹಳೆಯ ಆವೃತ್ತಿಯ ಸಾಮಾನ್ಯ ನಿರ್ವಹಣೆ 2027ರ ಕೊನೆಗೆ ಮುಗಿಯುತ್ತದೆ ಎಂದು ಸ್ಯಾಪ್ ಕಂಪನಿ 2020ರ ಫೆಬ್ರವರಿಯಲ್ಲಿ ಪ್ರಕಟಿಸಿದ ಮೇಲೆ, ಹೇಗೂ ಬದಲಾಯಿಸಲೇಬೇಕಾದದ್ದನ್ನು ಒಂದೇ ಮಾದರಿಗೆ ತಂದುಬಿಡೋಣ ಎಂದು ಪ್ರಧಾನ ಕಚೇರಿ ನಿರ್ಧರಿಸಿತು. ಆ ಮಾದರಿಯನ್ನು, ನಮ್ಮ ಮಾತಿನಲ್ಲಿ ಹೇಳುವುದಾದರೆ ಟೆಂಪ್ಲೇಟನ್ನು, ನಾಲ್ಕು ದೇಶಗಳಲ್ಲಿ ಜಾರಿಗೆ ತರುವ ಕೆಲಸದ ಸಮನ್ವಯ ನನ್ನ ಪಾಲಿಗೆ ಬಂತು.

ಟೆಂಪ್ಲೇಟನ್ನು ಜರ್ಮನಿಯಲ್ಲಿ ರೂಪಿಸಲಾಗಿತ್ತು. ಉಳಿದ ದೇಶಗಳು ಅದನ್ನು ಇದ್ದಂತೆಯೇ ಸ್ವೀಕರಿಸಬೇಕು, ಆಗದಿದ್ದಲ್ಲಿ ವಿನಾಯಿತಿ ಕೋರಿ ಅರ್ಜಿ ಹಾಕಬೇಕು ಎಂಬುದು ನಿಯಮ. ವಿನಾಯಿತಿಗಳ ಪಟ್ಟಿ ಬೆಳೆಯತೊಡಗಿದಂತೆ ಸಭೆಗಳಲ್ಲಿ ಜನರ ಸ್ವಭಾವದ ಮಾತು ಶುರುವಾಯಿತು. ಬ್ರೆಜಿಲ್‌ನವರು ಹಠಮಾರಿಗಳು, ಜಪಾನಿನವರು ಒಂದೊಂದು ಯೆನ್‌ಗೂ ಜಗ್ಗುತ್ತಾರೆ, ಭಾರತದವರು ಎಲ್ಲದಕ್ಕೂ ಒಪ್ಪಿ ಕೊನೆಗೆ ಏನನ್ನೂ ಮಾಡಿರುವುದಿಲ್ಲ ಎಂಬ ಅಭಿಪ್ರಾಯ ಜರ್ಮನಿಯಲ್ಲಿ. ಜರ್ಮನ್ನರಿಗೆ ಕಾಗದವೇ ದೇವರು ಎಂಬ ಅಭಿಪ್ರಾಯ ಪೀಣ್ಯದಲ್ಲಿ. ಇದನ್ನು ಸರಿಪಡಿಸಲೆಂದು ನಮಗೆಲ್ಲ ಒಂದು ತರಬೇತಿಯನ್ನೂ ಏರ್ಪಡಿಸಿದರು. ಡಚ್ ಸಮಾಜ ಮನೋವಿಜ್ಞಾನಿ ಗೇರ್ಟ್ ಹಾಫ್‌ಸ್ಟೆಡ್ 1960ರ ದಶಕದ ಕೊನೆಯಲ್ಲಿ ಮತ್ತು 70ರ ದಶಕದ ಆರಂಭದಲ್ಲಿ ಐಬಿಎಂ ಕಂಪನಿಯ ನೌಕರರಿಂದ ಸಂಗ್ರಹಿಸಿದ ಉತ್ತರಗಳನ್ನು ಆಧರಿಸಿ ದೇಶದೇಶಗಳಿಗೆ ಕೊಟ್ಟ ಅಂಕಗಳನ್ನು ಅಲ್ಲಿ ತೋರಿಸಿದರು: ಅಧಿಕಾರದ ಅಂತರ ಎಲ್ಲಿ ಹೆಚ್ಚು, ಅನಿಶ್ಚಿತತೆಗೆ ಅಂಜುವವರು ಯಾರು, ಇತ್ಯಾದಿ. ಆ ಅಂಕಗಳು ದೇಶಗಳ ಸರಾಸರಿಯೇ ಹೊರತು ಎದುರಿಗೆ ಕುಳಿತ ವ್ಯಕ್ತಿಯ ಲಕ್ಷಣವಲ್ಲ ಎಂದು ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ನನಗೆ ತಿಳಿಯಬೇಕಾಗಿದ್ದುದಾದರೋ ತೀರ ಸಣ್ಣ ಸಂಗತಿ. ಸಾವೊ ಪಾಲೊದ ಗೋದಾಮಿನ ಗುಮಾಸ್ತರು ಒಂದು ನಿರ್ದಿಷ್ಟ ಅಂಕಣವನ್ನು ಏಕೆ ಬಿಟ್ಟುಕೊಡಲಾರರು ಎಂಬುದಕ್ಕೆ ಆ ಅಂಕಪಟ್ಟಿಯಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ವಿನಾಯಿತಿಯ ಅರ್ಜಿಗೆ ಒಂದು ಪ್ರಶ್ನೆಯನ್ನು ಸೇರಿಸಿದೆ. ‘ಟೆಂಪ್ಲೇಟಿನಲ್ಲಿ ಇರುವಂತೆಯೇ ಮಾಡಿದರೆ, ಯಾರು ಯಾರಿಗೆ ಉತ್ತರ ಹೇಳಬೇಕಾಗುತ್ತದೆ?’ ಉತ್ತರದಲ್ಲಿ ಹುದ್ದೆಯ ಹೆಸರು ಇರಬೇಕು, ಉತ್ತರ ಕೇಳುವವರು ಸರ್ಕಾರವೋ ಗ್ರಾಹಕರೋ ಮೇಲಧಿಕಾರಿಯೋ ಎಂಬುದು ಇರಬೇಕು, ಕಾನೂನಾದರೆ ಅದರ ಕಲಮನ್ನು ನಮೂದಿಸಬೇಕು. ಈ ಒಂದು ಪ್ರಶ್ನೆಯಿಂದ ಪಟ್ಟಿಯ ಸ್ವರೂಪವೇ ಬದಲಾಯಿತು. ಸ್ವಭಾವವೆಂದು ಕಂಡದ್ದರಲ್ಲಿ ಬಹುಪಾಲು ಹೊಣೆಗಾರಿಕೆಯಾಗಿತ್ತು ಎಂಬುದು ನನಗೆ ಮನದಟ್ಟಾದದ್ದು ಹೀಗೆ.

ಇದು ಮೊದಲು ಸ್ಪಷ್ಟವಾದದ್ದು ಜರ್ಮನಿಯಲ್ಲೇ. ಅಲ್ಲಿನ ಕಾರ್ಖಾನೆಗಳಲ್ಲಿ ನೌಕರರೇ ಚುನಾಯಿಸಿದ ಬೆಟ್ರೀಬ್ಸ್‌ರಾಟ್ ಎಂಬ ಪರಿಷತ್ತು ಇರುತ್ತದೆ. ನೌಕರರ ನಡವಳಿಕೆಯ ಮೇಲೆ ಅಥವಾ ಕೆಲಸದ ಮೇಲೆ ನಿಗಾ ಇಡುವ ತಾಂತ್ರಿಕ ಸಾಧನವನ್ನು ತರುವಾಗ ಈ ಪರಿಷತ್ತಿನ ಒಪ್ಪಿಗೆ ಬೇಕೆಂದು 1972ರ ಕಾರ್ಖಾನೆ ಸಂವಿಧಾನ ಕಾಯಿದೆಯ 87ನೇ ಕಲಮು ಹೇಳುತ್ತದೆ. ನಿಗಾ ಇಡುವ ಉದ್ದೇಶ ಆಡಳಿತಕ್ಕೆ ಇರಬೇಕೆಂದೇನೂ ಇಲ್ಲ. ಸಾಧನಕ್ಕೆ ಆ ಸಾಮರ್ಥ್ಯವಿದ್ದರೆ ಸಾಕು ಎಂದು ಅಲ್ಲಿನ ಕಾರ್ಮಿಕ ನ್ಯಾಯಾಲಯಗಳು ಈ ಕಲಮನ್ನು ಅರ್ಥೈಸಿವೆ. ಇಂದಿನ ಯಾವ ತಂತ್ರಾಂಶಕ್ಕೆ ಆ ಸಾಮರ್ಥ್ಯವಿಲ್ಲ? ಯಾವ ಬಿಡಿಭಾಗವನ್ನು ಯಾರು ಎಷ್ಟು ನಿಮಿಷದಲ್ಲಿ ಮುಗಿಸಿದರು, ಯಾರು ಎಷ್ಟು ಹೊತ್ತಿಗೆ ಲಾಗಿನ್ ಆದರು, ಯಾರ ನಮೂದನ್ನು ಎಷ್ಟು ಸಲ ತಿದ್ದಬೇಕಾಯಿತು ಎಂಬುದೆಲ್ಲ ನಮ್ಮ ವ್ಯವಸ್ಥೆಯಲ್ಲಿ ತಾನಾಗಿಯೇ ದಾಖಲಾಗುತ್ತಿತ್ತು.

ಪರಿಷತ್ತಿನವರು ನಮ್ಮ ವರದಿಗಳನ್ನು ಒಂದೊಂದಾಗಿ ತೆರೆಸಿದರು. ಈ ವರದಿಯಲ್ಲಿ ವ್ಯಕ್ತಿಯ ಗುರುತು ಎಲ್ಲಿದೆ, ಅದನ್ನು ಯಾರು ನೋಡಬಲ್ಲರು, ಎಷ್ಟು ದಿನ ಉಳಿಯುತ್ತದೆ, ಅದಿಲ್ಲದಿದ್ದರೆ ಕಾರ್ಖಾನೆಯ ಯಾವ ಕೆಲಸ ನಿಲ್ಲುತ್ತದೆ ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಅನೇಕ ಕಡೆ ಉತ್ತರವೇ ಇರಲಿಲ್ಲ, ಏಕೆಂದರೆ ಆ ಅಂಕಣ ಇದ್ದದ್ದು ತಂತ್ರಾಂಶದಲ್ಲಿ ಅದಕ್ಕೆ ಜಾಗವಿತ್ತು ಎಂಬ ಕಾರಣಕ್ಕೆ ಮಾತ್ರ. ಇದನ್ನು ಬೆಂಗಳೂರಿನ ನನ್ನ ತಂಡದ ಕೆಲವರು ಯೂನಿಯನ್ನಿನ ಅಡ್ಡಗಾಲು ಎಂದು ಭಾವಿಸಿದ್ದರು. ನಾನು ಆ ಮಾತುಕತೆಗಳಲ್ಲಿ ಕುಳಿತಷ್ಟೂ, ಅದು ವ್ಯವಸ್ಥೆಯನ್ನು ಇಷ್ಟು ಶ್ರದ್ಧೆಯಿಂದ ಪರೀಕ್ಷಿಸಿದ ಏಕೈಕ ಗುಂಪು ಎನಿಸಿತು. ಒಪ್ಪಂದದಲ್ಲಿ, ಉತ್ಪಾದನೆಯ ಅಂಕಿಅಂಶಗಳನ್ನು ಪಾಳಿಯ ಗುಂಪಿನ ಮಟ್ಟದಲ್ಲಿ ಮಾತ್ರ ತೋರಿಸುವುದು, ಲಾಗಿನ್ ದಾಖಲೆಗಳನ್ನು ಭದ್ರತೆಯ ಕಾರಣಕ್ಕಷ್ಟೇ, ಅದೂ ಪರಿಷತ್ತಿನ ಪ್ರತಿನಿಧಿಯ ಎದುರಿನಲ್ಲೇ ತೆರೆಯುವುದು ಎಂದಾಯಿತು. ವಾಲ್ವುಗಳ ಒತ್ತಡ ಪರೀಕ್ಷೆ ಮಾತ್ರ ಇದಕ್ಕೆ ಹೊರತು. ಪರೀಕ್ಷೆ ಮಾಡಿದವರ ಹೆಸರು ಪ್ರಮಾಣಪತ್ರದಲ್ಲಿ ಇರಲೇಬೇಕು, ಏಕೆಂದರೆ ನಾಳೆ ಆ ವಾಲ್ವು ಯಾವುದೋ ರಾಸಾಯನಿಕ ಸ್ಥಾವರದಲ್ಲಿ ಸೋರಿದರೆ ಉತ್ತರ ಹೇಳಬೇಕಾದವರು ಯಾರೆಂದು ಗೊತ್ತಿರಬೇಕು.

ಈ ಏರ್ಪಾಟನ್ನೇ ಪೀಣ್ಯದಲ್ಲೂ ಇಟ್ಟುಕೊಳ್ಳಬೇಕೆಂದು ನಾನು ವಾದಿಸಿದೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ, ಹೆಸರಿದ್ದರೆ ಕೆಲಸ ಚುರುಕಾಗುತ್ತದೆ ಎಂದು ಕಾರ್ಖಾನೆಯ ಮುಖ್ಯಸ್ಥರು ಮೊದಲು ಒಪ್ಪಲಿಲ್ಲ. ಜರ್ಮನ್ ಕಾರ್ಮಿಕನಿಗೆ ಸಲ್ಲುವ ಮರ್ಯಾದೆ ಪೀಣ್ಯದ ಕಾರ್ಮಿಕನಿಗೆ ಸಲ್ಲದಿರಲು ಒಂದೇ ಟೆಂಪ್ಲೇಟಿನಲ್ಲಿ ಕಾರಣ ಬರೆಯಬೇಕಾಗುತ್ತದಲ್ಲ ಎಂದಾಗ ಮಾತು ಮುಂದುವರಿಯಿತು, ಕೊನೆಗೆ ಒಪ್ಪಿಗೆಯೂ ಸಿಕ್ಕಿತು. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ನಿರ್ಧಾರ ಅದು.

ಜರ್ಮನಿಯ ಇನ್ನೊಂದು ಅಡಚಣೆ ನಮ್ಮ ಬೆಂಗಳೂರಿಗೇ ಸಂಬಂಧಿಸಿದ್ದು. ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮ 2018ರ ಮೇ 25ರಿಂದ ಜಾರಿಯಲ್ಲಿದೆ. ಅದರಂತೆ, ಫ್ರಾಂಕ್‌ಫರ್ಟಿನ ಸರ್ವರ್‌ನಲ್ಲಿರುವ ನೌಕರರ ವಿವರವನ್ನು ಬೆಂಗಳೂರಿನ ಬೆಂಬಲ ಸಿಬ್ಬಂದಿ ತಮ್ಮ ಪರದೆಯಲ್ಲಿ ತೆರೆದರೂ ಅದು ದತ್ತಾಂಶವನ್ನು ಹೊರದೇಶಕ್ಕೆ ಕಳಿಸಿದಂತೆಯೇ ಲೆಕ್ಕ. ಜಪಾನಿನ ಸಂರಕ್ಷಣೆ ತನ್ನದಕ್ಕೆ ಸಮಾನವಾಗಿದೆ ಎಂದು ಯುರೋಪಿಯನ್ ಆಯೋಗ 2019ರ ಜನವರಿಯಲ್ಲೇ ತೀರ್ಮಾನಿಸಿತ್ತು. ಭಾರತಕ್ಕೆ ಅಂಥ ಮನ್ನಣೆ ಇರಲಿಲ್ಲ. ನಮಗಿದ್ದ ದಾರಿ ಆಯೋಗ ನಿಗದಿಪಡಿಸಿದ ಒಪ್ಪಂದದ ಷರತ್ತುಗಳು. ಯುರೋಪಿಯನ್ ನ್ಯಾಯಾಲಯ 2020ರ ಜುಲೈ 16ರಂದು ಕೊಟ್ಟ ತೀರ್ಪಿನ ನಂತರ, ಆ ಷರತ್ತುಗಳಿಗೆ ಸಹಿ ಮಾಡಿದರೆ ಮುಗಿಯುವುದಿಲ್ಲ, ದತ್ತಾಂಶ ತಲುಪುವ ದೇಶದಲ್ಲಿ ಅವು ನಿಜಕ್ಕೂ ಪಾಲನೆಯಾಗುತ್ತವೆಯೇ ಎಂದು ಪರಿಶೀಲಿಸಬೇಕು ಎಂದಾಗಿತ್ತು. ಆ ಪರಿಶೀಲನೆಯ ಕಡತವೇ ದೊಡ್ಡದಾಯಿತು. ಕೊನೆಗೆ ಉಳಿದ ಪರಿಹಾರ ಸರಳ: ಬೆಂಗಳೂರಿನಿಂದ ತೆರೆಯುವ ಪರೀಕ್ಷಾ ವ್ಯವಸ್ಥೆಗಳಲ್ಲಿ ಹೆಸರು, ವಿಳಾಸ, ಬ್ಯಾಂಕ್ ಖಾತೆಗಳನ್ನು ಮರೆಮಾಚಿದೆವು, ಸಂಬಳಕ್ಕೆ ಸಂಬಂಧಿಸಿದ ಬೆಂಬಲವನ್ನು ಜರ್ಮನಿಯಲ್ಲೇ ಉಳಿಸಿದೆವು. ನಮ್ಮ ಹುಡುಗರಿಗೆ ಇದರಿಂದ ತಮ್ಮನ್ನು ನಂಬುತ್ತಿಲ್ಲವೆಂಬ ನೋವಾದದ್ದು ನಿಜ. ಕಾನೂನಿನ ಹಿನ್ನೆಲೆಯನ್ನು ಅವರ ಮುಂದೆ ಪೂರ್ತಿ ಬಿಡಿಸಿಟ್ಟ ಮೇಲೆ ಆ ನೋವು ಕಡಿಮೆಯಾಯಿತು.

ಬ್ರೆಜಿಲ್‌ನ ಅರ್ಜಿಗಳಲ್ಲಿ ಮುಕ್ಕಾಲು ಪಾಲು ತೆರಿಗೆಗೆ ಸೇರಿದವು. ಅಲ್ಲಿ ಸರಕು ಕಾರ್ಖಾನೆಯಿಂದ ಹೊರಡುವ ಮೊದಲು ಇನ್‌ವಾಯ್ಸನ್ನು ಡಿಜಿಟಲ್ ಸಹಿಯೊಡನೆ ರಾಜ್ಯದ ತೆರಿಗೆ ಇಲಾಖೆಯ ಸರ್ವರ್‌ಗೆ ಕಳಿಸಿ ಅನುಮತಿ ಪಡೆಯಬೇಕು. ಅನುಮತಿಯ ಸಂಖ್ಯೆಯಿರುವ ಮುದ್ರಿತ ಪ್ರತಿ ಲಾರಿಯ ಜೊತೆಗಿರಬೇಕು. ನೋಟಾ ಫಿಸ್ಕಾಲ್ ಎಲೆಟ್ರೋನಿಕಾ ಎಂಬ ಈ ಪದ್ಧತಿ 2000ರ ದಶಕದಿಂದಲೇ ಅಲ್ಲಿದೆ. ಜರ್ಮನ್ ಟೆಂಪ್ಲೇಟಿನಲ್ಲಾದರೋ ಸರಕು ಮೊದಲು ಹೋಗುತ್ತಿತ್ತು, ಬಿಲ್ಲು ರಾತ್ರಿ ಒಟ್ಟಿಗೆ ತಯಾರಾಗುತ್ತಿತ್ತು, ತಪ್ಪಿದ್ದರೆ ತಿಂಗಳ ಕೊನೆಯೊಳಗೆ ರದ್ದು ಮಾಡಬಹುದಿತ್ತು. ಸಾವೊ ಪಾಲೊದವರು ಇದಾವುದೂ ಸಾಧ್ಯವಿಲ್ಲ ಎನ್ನುತ್ತಿದ್ದರು. ಪ್ರಧಾನ ಕಚೇರಿಯವರಿಗೆ ಅದು ಹಳೆಯ ಅಭ್ಯಾಸವನ್ನು ಬಿಡಲೊಲ್ಲದ ಹಟವಾಗಿ ಕಾಣುತ್ತಿತ್ತು. ಮಾರಾಟ ವಿಭಾಗದ ಒಬ್ಬ ಮಹಿಳೆ ಪ್ರತಿ ಸಭೆಯಲ್ಲೂ ಅದೇ ಕಾರಣಗಳನ್ನು ವಿವರಿಸಿ, ಪ್ರತಿ ಸಭೆಯಲ್ಲೂ ಅದೇ ಪ್ರಶ್ನೆಗಳನ್ನು ಎದುರಿಸುತ್ತಿದ್ದರು.

ಆ ಕಗ್ಗಂಟು ಬಿಚ್ಚಿದ್ದು ಪೀಣ್ಯದಿಂದ. ನಮ್ಮ ಡಿಸ್ಪ್ಯಾಚ್ ಮೇಲ್ವಿಚಾರಕರನ್ನು ಬೇರೊಂದು ವಿಷಯಕ್ಕಾಗಿ ಆ ದಿನದ ಸಭೆಗೆ ಕರೆದಿದ್ದೆ. ಬ್ರೆಜಿಲ್‌ನ ವಿವರಣೆಯನ್ನು ಕೇಳಿ ಅವರು ನನ್ನ ಕಡೆ ಬಾಗಿ, “ಇದು ನಮ್ಮ ಐಆರ್‌ಎನ್ ಥರಾನೇ ಇದೆಯಲ್ಲ ಮೇಡಂ? ನಂಬರ್ ಬರದೆ ಗಾಡಿ ಗೇಟು ದಾಟೋ ಹಾಗಿಲ್ಲ, ಇಪ್ಪತ್ತನಾಲ್ಕು ಗಂಟೆ ಆದ್ಮೇಲೆ ಕ್ಯಾನ್ಸಲ್ಲೂ ಇಲ್ಲ,” ಎಂದರು. ಭಾರತದಲ್ಲಿ ಜಿಎಸ್‌ಟಿ 2017ರ ಜುಲೈ 1ರಿಂದ ಬಂತು. 2020ರ ಅಕ್ಟೋಬರ್ 1ರಿಂದ 500 ಕೋಟಿ ರೂಪಾಯಿಗಿಂತ ಹೆಚ್ಚಿನ ವಹಿವಾಟಿನ ಕಂಪನಿಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿ, ಆಮೇಲೆ ಆ ಮಿತಿ ಹಂತಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂದಿದೆ. ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲ್ ಪ್ರತಿ ಬಿಲ್ಲಿಗೂ ಕೊಡುವ ಐಆರ್‌ಎನ್ ಎಂಬ ನೋಂದಣಿ ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಇಲ್ಲದ ಬಿಲ್ಲು ಇಂಥ ಕಂಪನಿಗಳಿಗೆ ಬಿಲ್ಲೇ ಅಲ್ಲ, ಪೋರ್ಟಲ್ಲಿನಲ್ಲಿ ಅದನ್ನು ರದ್ದು ಮಾಡಲು 24 ಗಂಟೆಯಷ್ಟೇ ಅವಕಾಶ. ಬ್ರೆಜಿಲ್‌ನಲ್ಲೂ ಸಾಮಾನ್ಯ ನಿಯಮ 24 ಗಂಟೆ, ಅದೂ ಸರಕು ಹೊರಟಿರದಿದ್ದರೆ ಮಾತ್ರ. ಸರ್ಕಾರದ ಸರ್ವರ್ ಸ್ಥಗಿತವಾದಾಗ ಏನು ಮಾಡಬೇಕೆಂಬ ಚಿಂತೆಯೂ ಎರಡೂ ಕಡೆಗೆ ಸಮಾನವಾಗಿತ್ತು. ಅಂದಿನಿಂದ ಪೀಣ್ಯ ಮತ್ತು ಸಾವೊ ಪಾಲೊ ಒಟ್ಟಾಗಿ ಒಂದೇ ಅರ್ಜಿ ಹಾಕಿದವು: ಅನುಮತಿಯ ಸಂಖ್ಯೆ ಬರುವತನಕ ಗೋದಾಮಿನಿಂದ ಸರಕು ಹೊರಹೋಗದಂತೆ ತಡೆಯುವ ಒಂದು ಹಂತ ಟೆಂಪ್ಲೇಟಿನಲ್ಲೇ ಇರಬೇಕು, ಬೇಡವಾದ ದೇಶ ಅದನ್ನು ನಿಷ್ಕ್ರಿಯವಾಗಿ ಇಡಬಹುದು. ವಿನಾಯಿತಿಯಾಗಿದ್ದದ್ದು ಮಾದರಿಯ ಭಾಗವಾಯಿತು. ಜರ್ಮನಿಯಲ್ಲೂ 2025ರ ಜನವರಿ 1ರಿಂದ ಕಂಪನಿಗಳು ಪರಸ್ಪರರಿಂದ ಇ-ಇನ್‌ವಾಯ್ಸ್ ಸ್ವೀಕರಿಸಲು ಸಿದ್ಧವಿರಬೇಕೆಂಬ ಕಾನೂನು ಬಂದ ಮೇಲೆ, ಆ ಚರ್ಚೆಯನ್ನು ನೆನೆದವರು ಅಲ್ಲಿಯೂ ಇದ್ದರು.

ತೆರಿಗೆಯ ಲೆಕ್ಕದಲ್ಲಿ ಮಾತ್ರ ಪೀಣ್ಯದ ನೆರವು ಸಾಲಲಿಲ್ಲ. ಬ್ರೆಜಿಲ್‌ನ ರಾಜ್ಯಗಳು ವಿಧಿಸುವ ಐಸಿಎಂಎಸ್ ತೆರಿಗೆ ತನ್ನ ಮೇಲೆ ತಾನೇ ಬೀಳುತ್ತದೆ. ನಮ್ಮ ರೀತಿಯಲ್ಲಾದರೆ 100ರ ಸರಕಿಗೆ ಶೇ 18ರ ತೆರಿಗೆ ಸೇರಿ 118 ಆಗುತ್ತದೆ. ಅಲ್ಲಿ ತೆರಿಗೆಯೂ ಸೇರಿದ ಒಟ್ಟು ಬೆಲೆಯ ಶೇ 18 ತೆರಿಗೆಯಾಗಿರಬೇಕು. ಹಾಗಾಗಿ 100ನ್ನು 0.82ರಿಂದ ಭಾಗಿಸಿ 121.95 ಎಂದು ಬೆಲೆ ಕಟ್ಟುತ್ತಾರೆ. ಇದರ ಮೇಲೆ ಕೇಂದ್ರದ ಬೇರೆ ತೆರಿಗೆಗಳೂ ಇದ್ದವು. ಬೆಲೆಪಟ್ಟಿಯನ್ನು ತೆರಿಗೆ ಸೇರದ ನಿವ್ವಳ ಬೆಲೆಯಲ್ಲೇ ಇಡಬೇಕೆಂಬ ಟೆಂಪ್ಲೇಟಿನ ನಿಯಮವನ್ನು ಬ್ರೆಜಿಲ್ ಏಕೆ ವಿರೋಧಿಸಿತೆಂಬುದು ಈ ಒಂದು ಲೆಕ್ಕವನ್ನು ಹಲಗೆಯ ಮೇಲೆ ಬರೆದ ಕೂಡಲೇ ಎಲ್ಲರಿಗೂ ಅರ್ಥವಾಯಿತು. ಆಮೇಲೆ ಆ ವಿಷಯಕ್ಕೆ ವಾದವೇ ನಡೆಯಲಿಲ್ಲ.

ಜಪಾನಿನವರು ಒಂದು ಯೆನ್‌ಗಾಗಿ ಜಗ್ಗುತ್ತಾರೆ ಎಂಬ ದೂರಿನ ಹಿಂದೆಯೂ ಕಾನೂನೇ ಇತ್ತು. ಅಲ್ಲಿ 2023ರ ಅಕ್ಟೋಬರ್ 1ರಿಂದ ಅರ್ಹ ಇನ್‌ವಾಯ್ಸ್ ಪದ್ಧತಿ ಜಾರಿಗೆ ಬಂದಿದೆ. ಮಾರುವವರ ನೋಂದಣಿ ಸಂಖ್ಯೆ ಬಿಲ್ಲಿನಲ್ಲಿರಬೇಕು, ಮತ್ತು ಭಿನ್ನಾಂಶಗಳನ್ನು ಪೂರ್ಣಾಂಕಕ್ಕೆ ತರುವುದನ್ನು ಒಂದು ಇನ್‌ವಾಯ್ಸಿನಲ್ಲಿ ಪ್ರತಿ ತೆರಿಗೆ ದರಕ್ಕೆ ಒಂದು ಸಲ ಮಾತ್ರ ಮಾಡಬೇಕು. ನಮ್ಮ ಟೆಂಪ್ಲೇಟು ಸಾಲುಸಾಲಿಗೂ ಪೂರ್ಣಾಂಕಕ್ಕೆ ತರುತ್ತಿತ್ತು. ಜೊತೆಗೆ ಜಪಾನಿನಲ್ಲಿ ತಿಂಗಳಿಡೀ ಕಳಿಸಿದ ಸರಕಿಗೆ ಗೊತ್ತಾದ ದಿನಾಂಕದಂದು ಒಂದೇ ಒಟ್ಟು ಬಿಲ್ಲು ಕೊಡುವುದು ವಾಡಿಕೆ. ಹಾಗಾದರೆ ಕಾನೂನಿನ ಕಣ್ಣಿನಲ್ಲಿ ಇನ್‌ವಾಯ್ಸ್ ಎಂದರೆ ದಿನದಿನದ ಚೀಟಿಯೋ ತಿಂಗಳ ಬಿಲ್ಲೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು. ಒಸಾಕಾದ ಲೆಕ್ಕಾಧಿಕಾರಿಗಳು ಕೇಳಿದ್ದು ಇದನ್ನೇ. ವ್ಯತ್ಯಾಸ ಒಂದು ಯೆನ್ನೇ ಇರಬಹುದು, ಆದರೆ ಗ್ರಾಹಕರ ತೆರಿಗೆ ವಾಪಸಾತಿ ಆ ಬಿಲ್ಲಿನ ಮೇಲೆ ನಿಂತಿರುತ್ತದೆ.

ಒಸಾಕಾದಲ್ಲಿ ಕಾನೂನಿಗೆ ಸೇರದ, ನಿಜಕ್ಕೂ ಕೆಲಸದ ರೀತಿಗೆ ಸೇರಿದ ವ್ಯತ್ಯಾಸವೂ ಇತ್ತು. ವಿಡಿಯೊ ಸಭೆಯಲ್ಲಿ ಹೊಸ ಪ್ರಸ್ತಾಪವನ್ನು ಮುಂದಿಟ್ಟು ಅಲ್ಲೇ ಅಭಿಪ್ರಾಯ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಅದನ್ನು ವಿರೋಧವೆಂದು ಕೆಲವರು, ಒಪ್ಪಿಗೆಯೆಂದು ಕೆಲವರು ತಿಳಿದರು. ನಾವು ಕ್ರಮವನ್ನು ಬದಲಾಯಿಸಿದೆವು: ಪ್ರಸ್ತಾಪವನ್ನು ಬಹಳ ಮುಂಚೆಯೇ ಬರಹದಲ್ಲಿ ಕಳಿಸುವುದು, ಮಾರಾಟ, ಲೆಕ್ಕಪತ್ರ, ಗೋದಾಮುಗಳವರ ಜೊತೆ ಬೇರೆ ಬೇರೆಯಾಗಿ ಮಾತನಾಡುವುದು, ಅವರ ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಕೊಡುವುದು, ಸಭೆಯಲ್ಲಿ ಆಗಲೇ ಪಕ್ವವಾದದ್ದನ್ನು ಮಾತ್ರ ಅಂಗೀಕರಿಸುವುದು. ಖರೀದಿಯ ಅನುಮೋದನೆಗೂ ಇದೇ ರೀತಿಯನ್ನು ಅಳವಡಿಸಬೇಕಾಯಿತು. ಟೆಂಪ್ಲೇಟಿನಲ್ಲಿ ಮೊತ್ತಕ್ಕೆ ತಕ್ಕಂತೆ ಒಬ್ಬರು ಒಪ್ಪಿಗೆ ಕೊಟ್ಟರೆ ಸಾಕಿತ್ತು. ಒಸಾಕಾದಲ್ಲಿ ಸಂಬಂಧಪಟ್ಟ ಎಲ್ಲ ವಿಭಾಗಗಳವರೂ ಕಡತದ ಮೇಲೆ ಮುದ್ರೆ ಒತ್ತುತ್ತಿದ್ದರು. ಅಷ್ಟು ಮಂದಿಯನ್ನೂ ಅನುಮೋದಕರನ್ನಾಗಿ ಮಾಡಿದರೆ ವ್ಯವಸ್ಥೆ ತೆವಳುತ್ತದೆ. ಆದ್ದರಿಂದ ಅನುಮೋದನೆಗೆ ಮೊದಲು, ಎಲ್ಲರೂ ಏಕಕಾಲಕ್ಕೆ ನೋಡಿ ಟಿಪ್ಪಣಿ ಬರೆಯಬಹುದಾದ ಒಂದು ಹಂತವನ್ನು ಸೇರಿಸಿದೆವು. ಒಸಾಕಾದವರನ್ನು ನಿಧಾನದವರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಒಪ್ಪಿದ ಮೇಲೆ ಒಂದು ಅಕ್ಷರವನ್ನೂ ಬದಲಿಸಲು ಕೇಳದವರು ಅವರು ಮಾತ್ರ. ಪರೀಕ್ಷೆಯ ಘಟ್ಟದಲ್ಲಿ ಅತಿ ಕಡಿಮೆ ದೋಷ ಕಂಡದ್ದೂ ಅಲ್ಲಿಯೇ.

ಪೀಣ್ಯದ ತೊಡಕು ವಾರದ ವರದಿಯಲ್ಲಿತ್ತು. ಹಸಿರು, ಹಳದಿ, ಕೆಂಪು ಎಂಬ ಬಣ್ಣಗಳಲ್ಲಿ ಕೆಲಸದ ಸ್ಥಿತಿಯನ್ನು ತೋರಿಸುವ ಕ್ರಮ ಎಲ್ಲೆಡೆ ಒಂದೇ. ಜರ್ಮನಿಯವರು ಒಂದು ಉತ್ತರ ಬಾಕಿಯಿದ್ದರೂ ಕೆಂಪು ಹಾಕುತ್ತಿದ್ದರು. ನಮ್ಮಲ್ಲಿ ಕೊನೆಯ ವಾರದವರೆಗೂ ಎಲ್ಲವೂ ಹಸಿರು. ಹಿರಿಯರ ಎದುರಿಗೆ, ಅದರಲ್ಲೂ ಪ್ರಧಾನ ಕಚೇರಿಯವರ ಎದುರಿಗೆ, ಆಗಿಲ್ಲ ಎನ್ನುವುದಕ್ಕೆ ನಮ್ಮವರಿಗಿರುವ ಸಂಕೋಚ ನನಗೆ ಚೆನ್ನಾಗಿ ಗೊತ್ತು. ಅದು ಸುಳ್ಳು ಹೇಳುವ ಬುದ್ಧಿಯಲ್ಲ. ಹೇಗಾದರೂ ಮಾಡಿ ಮುಗಿಸಿಬಿಡೋಣ, ಅಲ್ಲಿಯತನಕ ಯಾರನ್ನೂ ಗಾಬರಿಪಡಿಸುವುದು ಬೇಡ ಎಂಬ ಜವಾಬ್ದಾರಿಯೇ. ಆದರೆ ನಾಲ್ಕು ದೇಶಗಳ ದಿನಾಂಕಗಳು ಒಂದಕ್ಕೊಂದು ಹೆಣೆದುಕೊಂಡಿರುವಾಗ ಅದರಿಂದ ಬೇರೆಯವರಿಗೆ ಅನ್ಯಾಯವಾಗುತ್ತದೆ. ನಾಲ್ಕೂ ದೇಶಗಳ ವರದಿಯಿಂದ ಬಣ್ಣವನ್ನೇ ತೆಗೆದುಹಾಕಿ, ಎಷ್ಟು ದಾಖಲೆಗಳು ತಾಳೆಯಾದವು, ಎಷ್ಟು ಉಳಿದವು, ತಾಳೆಯ ಹಾಳೆ ಎಲ್ಲಿದೆ ಎಂದು ಮಾತ್ರ ಕೇಳಿದೆವು.

ಇನ್ನೊಂದು ಬದಲಾವಣೆ ಭಾಷೆಯದು. ಗೋದಾಮಿನವರ ತರಬೇತಿ ಇಂಗ್ಲಿಷಿನಲ್ಲಿ, ವ್ಯವಸ್ಥಾಪಕರ ಸಮ್ಮುಖದಲ್ಲಿ ನಡೆಯುತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಪರದೆಯ ಚಿತ್ರಗಳೊಡನೆ ಕನ್ನಡದಲ್ಲಿ ಟಿಪ್ಪಣಿ ಸಿದ್ಧಪಡಿಸಿ, ಗೋದಾಮಿನವರನ್ನಷ್ಟೇ ಕೂರಿಸಿಕೊಂಡು ಕನ್ನಡದಲ್ಲಿ ತರಬೇತಿ ನಡೆಸಿದಾಗ ಮಾತು ಹರಿಯತೊಡಗಿತು. ಹಳೆಯ ಶೆಡ್ಡಿನಲ್ಲಿರುವ ಎರಕದ ಭಾಗಗಳು ಯಾವ ಲೆಕ್ಕದಲ್ಲೂ ಇಲ್ಲವೆಂಬುದು, ಉಪಗುತ್ತಿಗೆದಾರರಿಗೆ ಯಂತ್ರಗೆಲಸಕ್ಕೆ ಕಳಿಸಿದ ಮಾಲಿನ ಲೆಕ್ಕ ಒಬ್ಬರ ನೋಟುಪುಸ್ತಕದಲ್ಲಿ ಮಾತ್ರ ಇದೆಯೆಂಬುದು ಹೊರಬಂದದ್ದು ಆ ತರಗತಿಗಳಲ್ಲಿ. ಆ ನೋಟುಪುಸ್ತಕ ಅತ್ಯಂತ ನಿಖರವಾಗಿತ್ತು; ಹೊಸ ವ್ಯವಸ್ಥೆಗೆ ಉಪಗುತ್ತಿಗೆಯ ದಾಸ್ತಾನನ್ನು ತುಂಬಿದ್ದು ಅದರಿಂದಲೇ.

ವ್ಯವಸ್ಥೆಯನ್ನು ಚಾಲನೆಗೆ ತರುವ ದಿನಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾವೊ ಪಾಲೊದಲ್ಲಿ ಬೆಳಿಗ್ಗೆ 9 ಆದಾಗ ಬೆಂಗಳೂರಿನಲ್ಲಿ ಸಂಜೆ 5.30, ಒಸಾಕಾದಲ್ಲಿ ರಾತ್ರಿ 9. ಎಲ್ಲರಿಗೂ ಹಿತವಾದ ಗಂಟೆ ಎಂಬುದೇ ಇಲ್ಲವಾದ್ದರಿಂದ ನಿತ್ಯದ ಸಭೆಯನ್ನು ಕೈಬಿಟ್ಟು, ಪ್ರತಿ ತಂಡವೂ ದಿನದ ಕೊನೆಗೆ ಮುಂದಿನ ತಂಡಕ್ಕೆ ಬರಹದಲ್ಲಿ ಕೆಲಸ ಒಪ್ಪಿಸುವ ಕ್ರಮವನ್ನು ತಂದೆವು. ಜರ್ಮನಿ ಮತ್ತು ಬ್ರೆಜಿಲ್ ಘಟಕಗಳ ಲೆಕ್ಕದ ವರ್ಷ ಜನವರಿಯಿಂದ, ನಮ್ಮದೂ ಒಸಾಕಾದ್ದೂ ಏಪ್ರಿಲ್‌ನಿಂದ. ಚಾಲನೆಯ ಸರದಿಯನ್ನು ಅದಕ್ಕೆ ಹೊಂದಿಸಿದೆವು. ಯೆನ್‌ಗೆ ದಶಮಾಂಶವಿಲ್ಲ. ಅಂಥ ಹಣದ ಮೊತ್ತವನ್ನು ಸ್ಯಾಪ್ ತನ್ನ ಕೋಷ್ಟಕದೊಳಗೆ ನೂರರಿಂದ ಭಾಗಿಸಿದಂತೆ ಇಟ್ಟುಕೊಳ್ಳುವುದರಿಂದ, ಕೋಷ್ಟಕವನ್ನು ನೇರವಾಗಿ ಓದುವ ಪ್ರತಿಯೊಂದು ವರದಿಯನ್ನೂ ಒಸಾಕಾದ ಚಾಲನೆಗೆ ಮುಂಚೆ ಪರೀಕ್ಷಿಸಿದೆವು.

ಈಗ ಟೆಂಪ್ಲೇಟಿನ ಬದಲಾವಣೆಗಳನ್ನು ತೀರ್ಮಾನಿಸುವ ಮಂಡಳಿಯಲ್ಲಿ ನಾಲ್ಕೂ ದೇಶಗಳವರಿದ್ದಾರೆ, ಮತ್ತು ಅರ್ಜಿಯಲ್ಲಿ ಆ ಪ್ರಶ್ನೆ ಹಾಗೆಯೇ ಉಳಿದಿದೆ. ಮೇಲಧಿಕಾರಿಗೆ ರೂಢಿಯಾಗಿದೆ ಎಂಬುದಷ್ಟೇ ಉತ್ತರವಾದರೆ ಅರ್ಜಿ ವಾಪಸಾಗುತ್ತದೆ, ಅದು ಜರ್ಮನಿಯದಾದರೂ ಸರಿಯೇ. ಸದ್ಯ ನಮ್ಮ ಮುಂದಿರುವ ದೊಡ್ಡ ಕೆಲಸ ಬ್ರೆಜಿಲ್‌ನದು. 2023ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ 132ನೇ ಸಂವಿಧಾನ ತಿದ್ದುಪಡಿಯಂತೆ ಅಲ್ಲಿನ ಐಸಿಎಂಎಸ್ ಮುಂತಾದ ತೆರಿಗೆಗಳ ಜಾಗಕ್ಕೆ ಐಬಿಎಸ್, ಸಿಬಿಎಸ್ ಎಂಬ ಹೊಸ ತೆರಿಗೆಗಳು 2026ರಿಂದ 2033ರವರೆಗೆ ಹಂತಹಂತವಾಗಿ ಬರುತ್ತವೆ. ಹೊಸ ತೆರಿಗೆ ತನ್ನ ಮೇಲೆ ತಾನೇ ಬೀಳುವುದಿಲ್ಲ, ಆದರೆ ಆ ವರ್ಷಗಳಲ್ಲಿ ಹಳೆಯ ಲೆಕ್ಕವೂ ಹೊಸ ಲೆಕ್ಕವೂ ಒಟ್ಟಿಗೆ ನಡೆಯಬೇಕು. ಹಲವು ತೆರಿಗೆಗಳಿಂದ ಜಿಎಸ್‌ಟಿಗೆ ದಾಟಿದ ಅನುಭವವಿರುವ ಪೀಣ್ಯದ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರನ್ನು ಸಾವೊ ಪಾಲೊ ತಂಡದವರೇ ಕೇಳಿ ಪಡೆದಿದ್ದಾರೆ. ಬೆಲೆಪಟ್ಟಿಗಳ ಕೆಲಸ ಅವರ ಮತ್ತು ಆ ತಂಡದ ನಡುವೆ ನಡೆದಿದೆ.